ಒಂಟಿ ಸೀನು, ದಡವಿಲ್ಲದ ನೀರು

ಸೀನು ಎಂಬ ಎರಡಕ್ಷರದ ಮಾತಿಗೆ ನಮ್ಮ ಬೆಂಗಳೂರಿನಲ್ಲಿ ಮೂರು ಅರ್ಥಗಳುಂಟು. ಒಂದು, ಮೂಗಿನಿಂದ ಹೊರಡುವುದು. ಇನ್ನೊಂದು, ಸಿನಿಮಾದವರು ತೆಗೆಯುವುದು ಮತ್ತು ಬೀದಿಯಲ್ಲಿ ಯಾರಾದರೂ ರಂಪ ಮಾಡಿದರೆ ‘ಸೀನ್ ಮಾಡ್ಬೇಡ ಗುರು’ ಎಂದು ಗದರಿಸಲು ಒದಗುವುದು. ಮೂರನೆಯದು, ಶ್ರೀನಿವಾಸರೆಲ್ಲ ಮನೆಯಲ್ಲಿ ಕರೆಸಿಕೊಳ್ಳುವ ಮುದ್ದಿನ ಹೆಸರು. ನಾನು ಹೇಳಹೊರಟಿರುವುದು ಮೊದಲನೆಯದು ಎರಡನೆಯದಾಗಿ ಬೆಳೆದ ಕಥೆಯನ್ನು. ಮಿತ್ರರೇ, ನಾನು ಸೊಸೆಯಾಗಿ ಕಾಲಿಟ್ಟ ಗೊಟ್ಟಿಗೆರೆಯ ಮನೆಯಲ್ಲಿ ಒಂಟಿ ಸೀನಿಗೆ ಹೊಸ್ತಿಲು ದಾಟುವ ಅಪ್ಪಣೆ ಇರಲಿಲ್ಲ. ಹೊರಟವರ ಕಿವಿಗೆ ಒಂದೇ ಒಂದು ಸೀನು ಬಿದ್ದರೂ ಅವರು ಹಿಂದಿರುಗಿ ಕೂತು, ಒಂದು ಲೋಟ ನೀರು ಕುಡಿದು, ಇನ್ನೊಂದು ಸೀನು ಬರುವ ತನಕ ಕಾಯಬೇಕು. ಜೋಡಿ ಸೀನಾದರೆ ಶುಭ, ಧಾರಾಳವಾಗಿ ಹೋಗಿ ಬರಬಹುದು. ಎರಡನೆಯ ಸೀನು ಮೊದಲು ಸೀನಿದವರದ್ದೇ ಆಗಬೇಕೆಂಬ ಕಟ್ಟುಪಾಡು ಮಾತ್ರ ಆ ಮನೆಯಲ್ಲಿರಲಿಲ್ಲ; ಹತ್ತಿರವಿದ್ದ ಯಾರಾದರೂ ಸೆರಗಿನ ತುದಿಯನ್ನು ಬತ್ತಿಯಂತೆ ಹೊಸೆದು, ಮೂಗಿಗೆ ತೂರಿಸಿ, ಒಂದು ಕೃತಕ ಸೀನನ್ನು ದಾನ ಮಾಡಿ ಪ್ರಯಾಣಿಕರನ್ನು ಬಿಡಿಸಿಕೊಡಬಹುದಿತ್ತು. ಜಯನಗರದಲ್ಲಿ ಹುಟ್ಟಿ ಬೆಳೆದು, ಶಾಲೆಯ ಮಕ್ಕಳಿಗೆ ವಿಜ್ಞಾನ ಪಾಠ ಹೇಳುತ್ತಿದ್ದ ನನಗೆ ಇದನ್ನು ನೋಡಿದಾಗಲೆಲ್ಲ ನಗು ಬರುತ್ತಿತ್ತು.

ಈ ದಾನದಲ್ಲಿ ಎತ್ತಿದ ಕೈ ಎಂದರೆ ನನ್ನ ವಾರಗಿತ್ತಿ ಮುನಿರತ್ನಮ್ಮನವರು, ನನ್ನ ಯಜಮಾನರ ಅಣ್ಣನ ಹೆಂಡತಿ. ಎರಡು ಜುಟ್ಟು ಸೇರಿದರೂ ಸೇರಬಹುದು, ಎರಡು ಜಡೆ ಸೇರುವುದಿಲ್ಲ ಎಂಬ ಗಾದೆಯನ್ನು ಕಟ್ಟಿದವರು ನಮ್ಮಿಬ್ಬರನ್ನು ನೋಡಿರಲಿಲ್ಲವೆಂದು ಕಾಣುತ್ತದೆ. ನಾನು ಅವರನ್ನು ಅಕ್ಕ ಎಂದು ಕರೆದದ್ದು ಮೊದಲ ದಿನ ಬರೀ ಶಿಷ್ಟಾಚಾರಕ್ಕೆ. ಆಮೇಲೆ ಆ ಮಾತು ಎಂದು ನಿಜವಾಯಿತೆಂದು ನನಗೂ ತಿಳಿಯದು. ರಾಗಿ, ಅವರೆ ಬೆಳೆಯುತ್ತಿದ್ದ ಹೊಲಗಳು ಸೈಟುಗಳಾಗಿ, ಸೈಟುಗಳ ಮೇಲೆ ಬಾಡಿಗೆ ಮನೆಗಳೆದ್ದು, ಅಕ್ಕ ಈಗ ಇಡೀ ಬೀದಿಗೆ ‘ಓನರ್ ಆಂಟಿ’. ನಾವು ಜೆ.ಪಿ. ನಗರಕ್ಕೆ ಬಂದು ನೆಲೆಸಿದರೂ ವಾರಕ್ಕೊಮ್ಮೆಯಾದರೂ ಅವರ ಕೈಯ ಸೊಪ್ಪಿನ ಸಾರು ನಮ್ಮ ಮನೆಗೆ ಬಂದೇ ಬರುತ್ತದೆ.

ಅಕ್ಕ ಹುಟ್ಟಿದ್ದು ತಲಘಟ್ಟಪುರದ ಕೆರೆಯೊಂದರ ಮಗ್ಗುಲಲ್ಲಿ, ಬಾಳಿದ್ದು ಗೊಟ್ಟಿಗೆರೆಯ ಕೆರೆ ಏರಿಯ ಕೆಳಗೆ. ಅವರ ಬದುಕಿನ ನೀರಿಗೆಲ್ಲ ಎದುರು ದಡವಿತ್ತು. ಆ ದಡದಲ್ಲಿ ಯಾರದೋ ಹೊಲ, ಯಾರದೋ ತಕರಾರು, ಇತ್ತೀಚೆಗೆ ಯಾರದೋ ಅಪಾರ್ಟ್‌ಮೆಂಟು. ಬಾವ ತೀರಿಕೊಂಡ ಮೇಲೊಮ್ಮೆ, ಏರಿಯ ಮೇಲೆ ನಡೆಯುತ್ತಿದ್ದಾಗ, ‘ನಾಲ್ಕು ದಿಕ್ಕಿಗೂ ದಡ ಕಾಣದ ನೀರು ಒಂದ್ಸಲ ನೋಡ್ಬೇಕು ಕಣೇ ವಿಮ್ಲಾ’ ಎಂದಿದ್ದರು. ಎಂದೂ ಏನನ್ನೂ ಬೇಡದವರ ಬಾಯಲ್ಲಿ ಬಂದ ಬೇಡಿಕೆ ಅದು. ಅದೇ ವರ್ಷ ಅವರ ಕಣ್ಣಿಗೆ ಗ್ಲಾಕೋಮವೆಂದು ಗೊತ್ತಾಯಿತು. ನೋಟ ಅಂಚುಗಳಿಂದ ಒಳಕ್ಕೆ ಮುಚ್ಚಿಕೊಳ್ಳುತ್ತ ಬರುತ್ತದೆ, ಹೋದದ್ದು ಮರಳುವುದಿಲ್ಲ, ಉಳಿದದ್ದನ್ನು ಹನಿ ಹಾಕಿ ಕಾಪಾಡಿಕೊಳ್ಳಬೇಕು ಎಂದರು ವೈದ್ಯರು. ಹೊರಗೆ ದಡವಿಲ್ಲದ ನೀರನ್ನು ನೋಡಬಯಸಿದ ಜೀವಕ್ಕೆ ಕಣ್ಣೊಳಗೇ ದಡಗಳು ಹತ್ತಿರವಾಗತೊಡಗಿದವು. ಹಾಗಾಗಿ ಕೊರೊನಾ ಸೋಂಕಿನ ಅಲೆಗಳು ಇಳಿದು, ಚೆನ್ನೈನಿಂದ ವಿಹಾರದ ಹಡಗು ಹೊರಡುತ್ತದೆಂಬ ಸುದ್ದಿ ಬಂದಾಗ, ನಾನು ತಡಮಾಡದೆ ಅಕ್ಕನನ್ನು ಕರೆದುಕೊಂಡು ಜಯನಗರದ ಟ್ರಾವೆಲ್ಸ್ ಒಂದಕ್ಕೆ ಹೋದೆ.

ಹಡಗಿನ ಟಿಕೆಟ್ಟೆಂದರೆ ಬಸ್ಸಿನ ಟಿಕೆಟ್ಟಿನಂತೆ ಒಂದೇ ಮಾತಿನಲ್ಲಿ ಮುಗಿಯುವುದೆಂದು ತಿಳಿದಿದ್ದ ನಮಗೆ ಅಲ್ಲಿನ ಹುಡುಗಿ ಒಂದು ಮದುವೆ ಮನೆಯ ಊಟದಷ್ಟು ಆಯ್ಕೆಗಳನ್ನು ಬಡಿಸಿದಳು. ಕಿಟಕಿಯಿಲ್ಲದ ಕೋಣೆ, ಕಿಟಕಿಯ ಕೋಣೆ, ಬಾಲ್ಕನಿಯ ಕೋಣೆ. ಇಂಟರ್‌ನೆಟ್ ಪ್ಯಾಕೇಜು, ಮಸಾಜಿನ ಪ್ಯಾಕೇಜು, ದಡಕ್ಕಿಳಿದು ಊರು ಸುತ್ತುವ ಪ್ಯಾಕೇಜು. ಎಲ್ಲವನ್ನೂ ಸೇರಿಸಿದರೆ ಮೂಗಿಗಿಂತ ಮೂಗುತಿ ಭಾರವಾಗುವಂತಿತ್ತು. ಕಿಟಕಿಯಿಲ್ಲದ್ದು ಅಗ್ಗವೆಂದು ನಾನು ಬಾಯಿ ತೆರೆಯುವ ಮೊದಲೇ ಅಕ್ಕ, ‘ನೀರು ನೋಡಕ್ಕೆ ಹೋಗಿ ಗೋಡೆ ನೋಡ್ಕೊಂಡು ಬರಕ್ಕಾಯ್ತದಾ?’ ಎಂದು ಬಾಲ್ಕನಿಗೆ ಬೆರಳಿಟ್ಟರು. ದಡಕ್ಕಿಳಿಯುವ ಪ್ಯಾಕೇಜನ್ನು ಅಷ್ಟೇ ಖಡಾಖಂಡಿತವಾಗಿ ತಳ್ಳಿಹಾಕಿದರು. ದಡ ಬೇಡವೆಂದೇ ಅಲ್ಲವೇ ಹೊರಟಿದ್ದು?

‘ಡ್ರಿಂಕ್ಸ್ ಪ್ಯಾಕೇಜ್ ಹಾಕ್ಲಾ ಆಂಟಿ? ಅನ್‌ಲಿಮಿಟೆಡ್ ಇರುತ್ತೆ’ ಎಂದಳು ಹುಡುಗಿ.

‘ಹಾಕಮ್ಮ, ಉಪ್ಪುನೀರಿನ ಗಾಳಿಗೆ ದಾಹ ಜಾಸ್ತಿ. ಮಜ್ಜಿಗೆ ಇರ್ತದಾ ಅದ್ರಾಗೆ?’

‘ಅಯ್ಯೋ ಆಂಟಿ, ಅದು ದೊಡ್ಡೋರು ಕುಡಿಯೋ ಡ್ರಿಂಕ್ಸು.’

‘ನಾನೇನು ಚಿಕ್ಕೋಳಾ?’

ಪಕ್ಕದ ಮೇಜಿನವರೂ ನಕ್ಕರು. ವಿಷಯ ತಿಳಿದ ಮೇಲೆ ಎಲ್ಲರಿಗಿಂತ ಜೋರಾಗಿ ನಕ್ಕವರು ಅಕ್ಕನೇ. ಆಮೇಲೆ ಹುಡುಗಿ ಗಂಭೀರಳಾಗಿ ನಿಯಮಗಳನ್ನು ಓದಿ ಹೇಳಿದಳು. ಹೊರಡುವ ಮುಂಚೆ ಮೂಗಿನ ಪರೀಕ್ಷೆ ಮಾಡಿಸಿ ವರದಿ ತರಬೇಕು. ಬಂದರಿನಲ್ಲಿ ಯಾರಿಗಾದರೂ ಲಕ್ಷಣ ಕಂಡರೆ ಅಲ್ಲೇ ಇನ್ನೊಮ್ಮೆ ಪರೀಕ್ಷೆ. ಒಂದೇ ಕೋಣೆಯವರಲ್ಲಿ ಒಬ್ಬರಿಗೆ ಸೋಂಕಿದ್ದರೆ ಇನ್ನೊಬ್ಬರೂ ಹತ್ತುವಂತಿಲ್ಲ. ಹಾಗೆ ನಿಂತುಹೋದರೆ ಹಣ ಪೂರ್ತಿ ವಾಪಸ್ಸು, ಇಲ್ಲವೇ ಅದೇ ಹಣದಲ್ಲಿ ಮುಂದಿನ ಯಾನ. ಮನಸ್ಸು ಬದಲಾಯಿಸಿ ತಾವಾಗಿ ಬಿಟ್ಟರೆ ಮಾತ್ರ ಏನೂ ಬಾರದು. ಅಕ್ಕ, ‘ಹೆದ್ರಿದೋರಿಗೆ ದಂಡ, ಕಾಯ್ಲೆಯೋರಿಗೆ ಮಾಫಿ. ನ್ಯಾಯವಾಗೇ ಐತೆ’ ಎಂದು ತೀರ್ಪು ಕೊಟ್ಟು ರುಜು ಹಾಕಿದರು.

ಲ್ಯಾಬಿನವರು ಮನೆಗೇ ಬಂದು ಮೂಗಿಗೆ ಕಡ್ಡಿ ಹಾಕಿ ಹೋದರು. ಮೂಗುಬೊಟ್ಟು ಚುಚ್ಚಿಸಿದಾಗಲೂ ಇಷ್ಟು ನೋವಾಗಿರಲಿಲ್ಲವೆಂದು ಅಕ್ಕ ಗೊಣಗಿದರೂ ಇಬ್ಬರ ವರದಿಯೂ ನೆಗೆಟಿವ್ ಎಂದು ಬಂದು, ಇಲ್ಲ ಎನ್ನಿಸಿಕೊಂಡು ಇಷ್ಟು ಖುಷಿಪಟ್ಟದ್ದು ಜನ್ಮದಲ್ಲೇ ಮೊದಲು ಎನ್ನಿಸಿತು. ಚೆನ್ನೈ ತಲುಪಿದೆವು. ಬಂದರಿನ ದೊಡ್ಡ ಹಜಾರದ ಗಾಜಿನಾಚೆ ಹಡಗು ನಿಂತಿತ್ತು, ನಮ್ಮ ಜಯನಗರ ನಾಲ್ಕನೇ ಬ್ಲಾಕಿನ ಶಾಪಿಂಗ್ ಕಾಂಪ್ಲೆಕ್ಸೇ ನೀರಿಗಿಳಿದಂತೆ. ಸಾಲಿನಲ್ಲಿ ನಮ್ಮ ಮುಂದೆ ಇದ್ದವರು ಇನ್ನು ಕೆಲವರೇ. ಅಷ್ಟರಲ್ಲಿ, ಹಿಂದಿನ ಸಂಜೆಯಿಂದ ಗಂಟಲಲ್ಲಿ ಏನೋ ಕೆರೆತ, ಹೋಟೆಲಿನ ಏಸಿಯದ್ದು ಎಂದುಕೊಂಡಿದ್ದ ನಾನು ಸೀನಿದೆ. ಒಂದೇ ಒಂದು.

ಮಾಸ್ಕಿನೊಳಗೆ ಹುಟ್ಟಿ ಮಾಸ್ಕಿನೊಳಗೇ ಸತ್ತ ಆ ಸೀನು ಸಿಬ್ಬಂದಿಯ ಯಾರ ಕಿವಿಗೂ ಬೀಳಲಿಲ್ಲ. ಅಕ್ಕನ ಕಿವಿಗೆ ಬಿತ್ತು. ಅಂಗಳ ದಾಟಲೇ ಒಂಟಿ ಸೀನು ಆಗದೆಂದ ಮೇಲೆ ಸಮುದ್ರ ದಾಟಲು ಆದೀತೇ? ನಾನು ತಿರುಗಿ ನೋಡುವಷ್ಟರಲ್ಲಿ ಅವರು ಮಾಸ್ಕು ಕೆಳಗಿಳಿಸಿ, ಸೆರಗಿನ ತುದಿ ಹೊಸೆದು, ಹಜಾರವೆಲ್ಲ ಮೊಳಗುವಂತೆ ಒಂದು ಸೀನನ್ನು ನನ್ನ ಸೀನಿಗೆ ಜೋಡಿ ಮಾಡಿಬಿಟ್ಟಿದ್ದರು. ಸಾಲು ಚದುರಿತು. ನಖಶಿಖಾಂತ ನೀಲಿ ಉಡುಪು ತೊಟ್ಟ ಇಬ್ಬರು ಬಂದು ಅಕ್ಕನನ್ನು ಪಕ್ಕಕ್ಕೆ ಕರೆದೊಯ್ದರು. ಮೂಗಿಗೆ ಮತ್ತೆ ಕಡ್ಡಿ ಹೋಯಿತು, ಸ್ವಲ್ಪ ಹೊತ್ತಿನಲ್ಲೇ ಸೋಂಕಿಲ್ಲವೆಂಬ ಉತ್ತರ ಬಂತು. ಸೀನು ಹೇಗೆ ಬಂತಮ್ಮ ಎಂದು ನರ್ಸು ಕೇಳಿದ್ದು ಬರೀ ಉಪಚಾರಕ್ಕಿರಬೇಕು. ತಿಲಕ್ ನಗರದ ಸಂತೆಬೀದಿಯಲ್ಲಿ ತಮಿಳು ಕಲಿತಿದ್ದ ಅಕ್ಕ ಅರ್ಧ ತಮಿಳು, ಅರ್ಧ ಕನ್ನಡದಲ್ಲಿ ಇದ್ದದ್ದನ್ನು ಇದ್ದಂತೆ ಹೇಳಿದರು. ಅದರ ಸಾರಾಂಶ ಇಷ್ಟು: ‘ನಂದು ಸುಮ್ನೆ ಮಾಡ್ಕೊಂಡ ಸೀನಮ್ಮ. ಅವಳದ್ದೇ ನಿಜವಾದ್ದು.’

ನಾನು ಅವರ ಸೆರಗನ್ನು ಜಗ್ಗಿದೆ. ಜಗ್ಗಿ ಏನು ಫಲ, ಸೆರಗು ತನ್ನ ಕೆಲಸವನ್ನು ಆಗಲೇ ಮುಗಿಸಿತ್ತು. ನನ್ನ ಮೂಗಿಗೆ ಹೋದ ಕಡ್ಡಿ ಪಾಸಿಟಿವ್ ಎಂದಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಿಯಮದಂತೆ ಅಕ್ಕನೂ ನನ್ನ ಜೊತೆ ಹೊರಗೆ. ರೋಗಿಗಳಿಗೆಂದೇ ಇದ್ದ ವ್ಯಾನಿನಲ್ಲಿ ಬೆಂಗಳೂರಿಗೆ ಹೊರಟಾಗ ನಾನು ಅಳುತ್ತಿದ್ದೆ. ಅಕ್ಕ ಅಳಲಿಲ್ಲ. ಹಡಗು ಕಾಣುವ ಕಿಟಕಿಯ ಕಡೆಗೆ ತಲೆಯನ್ನು ಪೂರ್ತಿ ತಿರುಗಿಸಿ ಕೂತಿದ್ದರು. ಓರೆನೋಟ ಎಂಬುದು ಅವರ ಪಾಲಿಗೆ ಆಗಲೇ ಮುಗಿದಿತ್ತು.

ಊರು ಸೇರುವ ಹೊತ್ತಿಗೆ ನನ್ನ ಮೈ ಕೆಂಡವಾಗಿತ್ತು. ಎದೆಗೆ ಸ್ಟೆಂಟ್ ಹಾಕಿಸಿಕೊಂಡಿರುವ ಯಜಮಾನರಿದ್ದ ಮನೆಗೆ ಹೋಗುವಂತಿರಲಿಲ್ಲ. ಅಕ್ಕ ತಮ್ಮ ಮನೆಯ ಮಹಡಿಯಲ್ಲಿ ಖಾಲಿಯಿದ್ದ ಬಾಡಿಗೆಯ ಭಾಗಕ್ಕೆ ನನ್ನನ್ನು ಸೇರಿಸಿ, ಅಡ್ವಾನ್ಸ್ ಕೊಡಲು ಬಂದವರಿಗೆ ‘ಈಗ ಆಗಾಕಿಲ್ಲ, ಮ್ಯಾಲೆ ನಮ್ ವಿಮ್ಲಾ ಅವ್ಳೆ’ ಎಂದು ಹೇಳಿ ಕಳಿಸಿದರು. ಜ್ವರ ಇಳಿಯುವವರೆಗೂ ಮೆಟ್ಟಿಲ ಕೊನೆಯಲ್ಲಿ ಹುರುಳಿಕಟ್ಟಿನ ಸಾರು, ಮೆಣಸಿನ ಸಾರು, ಮೆತ್ತಗಿನ ರಾಗಿ ಮುದ್ದೆ ಬಂದು ಕೂರುತ್ತಿದ್ದವು. ತಟ್ಟೆ ಇಟ್ಟು ಅವರು ಕೆಳಗಿಳಿಯುವ ಸದ್ದನ್ನು ನಾನು ಮಲಗಿದಲ್ಲೇ ಕೇಳುತ್ತಿದ್ದೆ. ಒಂದೊಂದು ಮೆಟ್ಟಿಲನ್ನೂ ಕಾಲಿನಿಂದ ತಡವಿ ಇಳಿಯುತ್ತಿದ್ದರು, ಏಕೆಂದರೆ ಕೆಳಗಿನದು ಅವರಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಆ ಸದ್ದಿಗೆ ನನ್ನಲ್ಲಿ ಹುಟ್ಟಿದ ಕೃತಜ್ಞತೆಯನ್ನು ಬರೆಯುವ ಶಕ್ತಿ ನನಗಿಲ್ಲ. ಸಾವಿರಾರು ಜನರಿರುವ, ಎಲ್ಲಿಗೂ ಇಳಿಯಲಾಗದ ಹಡಗಿನ ಕೋಣೆಯೊಂದರಲ್ಲಿ ಆ ಜ್ವರ ಬಂದಿದ್ದರೆ ಎಂದು ನೆನೆದರೆ, ಆ ನೀಲಿ ಉಡುಪಿನವರಿಗೂ, ಅಂದು ಕಟುವಾಗಿ ಕಂಡ ಆ ನಿಯಮಕ್ಕೂ, ಅಕ್ಕನ ಸೆರಗಿಗೂ ಒಟ್ಟಿಗೆ ಕೈಮುಗಿಯಬೇಕೆನ್ನಿಸುತ್ತದೆ.

ಹಾಗೆ ಮಲಗಿ ನಾನು ಒಂಟಿ ಸೀನಿನ ಶಾಸ್ತ್ರವನ್ನು ಹೊಸದಾಗಿ ಓದಿಕೊಂಡೆ. ಸೀನು ಕೇಳಿದರೆ ಯಾರನ್ನೂ ಹೊರಗೆ ಬಿಡಬೇಡ, ಕೂರಿಸು, ನೀರು ಕೊಡು, ಸ್ವಲ್ಪ ಕಾದು ನೋಡು. ಇಷ್ಟೇ ತಾನೇ ಹಡಗಿನವರು ಪುಟಗಟ್ಟಲೆ ಮುದ್ರಿಸಿದ್ದು? ಶಕುನವೆಂದು ನಾನು ನಕ್ಕದ್ದರಲ್ಲಿ ಶುಶ್ರೂಷೆಯ ಅಂಶವೂ ಇತ್ತೇನೋ. ಎಲ್ಲ ಹಳೆಯದರಲ್ಲೂ ವಿಜ್ಞಾನ ಹುಡುಕುವ ಈಗಿನ ಚಟ ನನಗಿಲ್ಲ. ಸೆರಗಿನ ಸೀನಿನಲ್ಲಿ ಯಾವ ವಿಜ್ಞಾನವೂ ಇಲ್ಲ. ಅದರಲ್ಲಿರುವುದು, ನಿನ್ನ ಹಾದಿಗೆ ಬಂದ ಅಡ್ಡಿಯಲ್ಲಿ ಅರ್ಧ ನನಗಿರಲಿ ಎಂಬ ಅಂತಃಕರಣ. ಅಡ್ಡಿಯೇನೋ ಅರ್ಧ ಅವರಿಗೆ ಬಂತು, ನಿಜ. ನಷ್ಟ ಮಾತ್ರ ಪೂರ್ತಿ ಅವರದೇ ಆಗುವಂತಿತ್ತು.

ಏಕೆಂದರೆ ಟ್ರಾವೆಲ್ಸಿನ ಹುಡುಗಿ ಫೋನು ಮಾಡಿ, ಹಣ ವಾಪಸ್ಸು ಬೇಕೋ, ಮಳೆಗಾಲ ಕಳೆದ ಮೇಲಿನ ಯಾನ ಬೇಕೋ ಎಂದು ಕೇಳಿದಾಗ ನನಗೆ ಮೊದಲು ನೆನಪಾದದ್ದು ಅಕ್ಕನ ಕಣ್ಣು. ಅಷ್ಟು ತಿಂಗಳು ಅದು ಕಾಯುವುದೇ? ವೈದ್ಯರು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಹಣ ತೆಗೆದುಕೊಂಡು ಯಾವುದಾದರೂ ಕಡಲ ತೀರಕ್ಕೆ ಈಗಲೇ ಹೋಗಿಬರೋಣ ಎಂದೆ. ಅಕ್ಕ ಕೆಳಗಿನಿಂದಲೇ ಕೂಗಿ ಹೇಳಿದರು: ‘ವಾಪಸ್ ಬಂದ ದುಡ್ಡು ಮನೆಗೆ ಬತ್ತದೆ. ಮನೆಗೆ ಬಂದಿದ್ದು ಬೋರ್‌ವೆಲ್ ಮೋಟ್ರಿಗೆ ಹೋಯ್ತದೆ. ಅಲ್ಲೇ ಇರ್ಲಿ ಬಿಡು. ತೀರ ಅಂದ್ರೆ ದಡನೇ ಅಲ್ವೇನೇ?’

ಮರುಪಾವತಿ ಎಂಬ ಪದವನ್ನು ನಾನು ಆಮೇಲೆ ಎಷ್ಟೋ ಸಲ ಬಾಯಲ್ಲಿ ಹೊರಳಿಸಿ ನೋಡಿದ್ದೇನೆ. ಬದುಕು ಕೆಲವನ್ನು ಮರಳಿ ಕೊಡುತ್ತದೆ, ಹಲವನ್ನು ಕೊಡುವುದಿಲ್ಲ. ಹೋದ ನೋಟ ಬಾರದು, ಹೋದ ಬಾವ ಬಾರರು. ಕೊಡಬೇಕಾದ ನಿಯಮ ಯಾವುದೂ ಇಲ್ಲದಿದ್ದರೂ ಅದು ನನಗೆ ಗೊಟ್ಟಿಗೆರೆಯ ಆ ಮಹಡಿಯ ಮೇಲೆ ಒಬ್ಬ ತಾಯಿಯನ್ನು ಮರಳಿ ಕೊಟ್ಟಿತು. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡ ನಾನು ಹಾಗೆ ಕೊಡಬಹುದೆಂದು ಎಣಿಸಿಯೂ ಇರಲಿಲ್ಲ.

ಮಳೆಗಾಲ ಕಳೆಯಿತು. ಮೂಗಿನ ಕಡ್ಡಿಯ ನಿಯಮ ಹೋಗಿ, ಮೈ ಚೆನ್ನಾಗಿದೆಯೆಂದು ಬರೆದುಕೊಟ್ಟರೆ ಸಾಕೆಂದಾಗಿತ್ತು. ಅಕ್ಕನ ನೋಟ ಇನ್ನಷ್ಟು ಕಿರಿದಾಗಿತ್ತು. ಎದುರಿಗೆ ನಿಂತರೆ ಮುಖ ಕಾಣುತ್ತಿತ್ತು, ಕೈ ಕಾಣುತ್ತಿರಲಿಲ್ಲ. ಈ ಸಲ ಯಾರೂ ಸೀನಲಿಲ್ಲ. ಹಡಗು ಹೊರಟು, ಮಾರನೆಯ ಬೆಳಿಗ್ಗೆ ನಾನು ಎದ್ದು ನೋಡಿದರೆ ಚೆನ್ನೈ ಇಲ್ಲ, ಭೂಮಿಯೇ ಇಲ್ಲ. ಅಕ್ಕನ ಕೈಹಿಡಿದು ಹಡಗಿನ ಮೇಲಿನ ಡೆಕ್ಕಿಗೆ ಕರೆದೊಯ್ದು ನಡುಮಧ್ಯದಲ್ಲಿ ನಿಲ್ಲಿಸಿದೆ. ಅವರು ಎದುರಿಗೆ ನೋಡುತ್ತ ಬಹಳ ಹೊತ್ತು ನಿಂತರು. ನನಗೆ ಸಂಕಟವಾಗತೊಡಗಿತು. ನಾಲ್ಕು ದಿಕ್ಕಿನ ನೀರನ್ನು ಕೇಳಿದವರಿಗೆ ನಾನು ತೋರಿಸುತ್ತಿರುವುದು ಒಂದು ತಟ್ಟೆಯಗಲದ ನೀರನ್ನಲ್ಲವೇ, ತಡವಾಗಿಹೋಯಿತಲ್ಲವೇ? ಭುಜ ಹಿಡಿದು ಅವರನ್ನು ಮೆಲ್ಲಗೆ ತಿರುಗಿಸಹೊರಟೆ. ಅಕ್ಕ ನನ್ನ ಕೈಯನ್ನು ತಡೆದರು.

‘ವಿಮ್ಲಾ, ನಂಗೆ ಕಾಣ್ದೆ ಇರೋ ಕಡೆ ಏನೈತೆ?’

‘ನೀರು, ಅಕ್ಕ.’

‘ಆ ಕಡೆ?’

‘ನೀರು.’

‘ಹಿಂದ್ಗಡೆ?’

‘ಅಲ್ಲೂ ನೀರೇ. ಬೇರೆ ಏನೂ ಇಲ್ಲ.’

ಅಕ್ಕ ಎರಡೂ ಕೈ ಎತ್ತಿ ಆ ನೀರಿಗೆ ಮುಗಿದರು.

‘ಹಂಗಾದ್ರೆ ನಾನು ಎಲ್ಲಾನೂ ನೋಡ್ದಂಗೇ ಆಯ್ತು ಬಿಡೇ’ ಎಂದರು.