ಪಾಲಿಯೆಸ್ಟರ್ ದಾರಕ್ಕೆ ಬೆಂಕಿಕಡ್ಡಿ ಗೀರಿದೆ

ಕೇಳಿ ಎಲ್ಲರೂ, ಇವತ್ತು ನಮ್ಮ ಹೊಲಿಗೆ ಲೈನ್ ಗೆದ್ದಿತು! ಬೊಮ್ಮನಹಳ್ಳಿಯ ನಮ್ಮ ಗಾರ್ಮೆಂಟ್ಸ್‌ನಲ್ಲಿ ಬೆಳಗಿನಿಂದ ಜೀನ್ಸ್ ಹೊಲಿಗೆ ಬಿಟ್ಟುಕೊಳ್ಳುತ್ತಿತ್ತು. ಹೊಸ ಮ್ಯಾನೇಜರ್ ಎಲ್ಲರ ಮುಂದೆ, "ನಿಮ್ ಕೈನೇ ಸರಿಯಿಲ್ಲ," ಎಂದು ಕೂಗಾಡಿದರು.

"ಕೈ ಅಲ್ಲ ಸಾರ್, ದಾರ," ಎಂದೆ.

"ದಾರದ ಕೋನ್ ಮೇಲೆ ಪಾಲಿಯೆಸ್ಟರ್ ಅಂತ ಬರ್ದಿದೆಯಲ್ಲಮ್ಮ, ಓದೋಕ್ ಬರಲ್ವಾ?"

ಒಳಗೆ ಬೆಂಕಿಪೊಟ್ಟಣ ತರುವಂತಿಲ್ಲ. ಊಟದ ಬೆಲ್ ಆದಾಗ ಅವರನ್ನು ಗೇಟಿನಾಚೆಯ ಟೀ ಅಂಗಡಿಗೆ ಕರೆದೊಯ್ದು, ಅದೇ ಕೋನಿನ ತುಂಡು ದಾರಕ್ಕೆ ಕಡ್ಡಿ ಗೀರಿ ಹಿಡಿದೆ. ಪಾಲಿಯೆಸ್ಟರ್ ಆಗಿದ್ದರೆ ಕರಗಿ ಗಟ್ಟಿ ಮಣಿಯಾಗಬೇಕಿತ್ತು. ಇದು ಕಾಗದದ ಹಾಗೆ ಉರಿದು ಬೂದಿಯಾಯಿತು.

"ಬರೀ ಹತ್ತಿ ಸಾರ್, ಜೀನ್ಸ್ ಎಳೆತಕ್ಕೆ ತಡೆಯಲ್ಲ. ಮೂಸಿ ನೋಡಿ."

ಮೂಸಿದರು. "ಟೀ ಕುಡೀತೀರಾ?" ಎಂದರು ಮೆಲ್ಲಗೆ.

"ಮೊದ್ಲು ನಮ್ ಕೈ ಸರಿಯಿದೆ ಅಂತ ಎಲ್ರ ಮುಂದೆ ಹೇಳಿ ಸಾರ್."

ಹೇಳಿದರು, ಮೈಕಿನಲ್ಲೇ! ಇನ್ನು ಮುಂದೆ ಲೇಬಲ್ ಅವರೇ ಓದಿಕೊಳ್ಳಲಿ, ದಾರ ಓದುವುದಕ್ಕೆ ನಾವಿದ್ದೇವೆ.