ಸೇತುವೆಗಿಂತ ಎತ್ತರದ ಏರಿಯಲ್

ಕಾಲುವೆಯ ತನಿಖಾ ದೋಣಿಗೆ ವೈರ್‌ಲೆಸ್ಸಿನ ಏರಿಯಲ್ ಕೂಡಿಸಿದವನು ಸಿಂಧನೂರಿನ ಒಬ್ಬ ರೇಡಿಯೊ ಮೆಕ್ಯಾನಿಕ್. ಅದು ಸೋಮವಾರವೆಂದು ಆ ದೋಣಿಯ ಮೇಲ್ವಿಚಾರಕನಾಗಿದ್ದ ನನ್ನ ದಿನಚರಿಯೂ ಮಂಗಳವಾರವೆಂದು ಕಾಲುವೆ ಗೇಟಿನ ದಫ್ತರವೂ ಹೇಳುತ್ತವೆ; ಈ ವ್ಯತ್ಯಾಸ ಇಂದಿಗೂ ಇತ್ಯರ್ಥವಾಗಿಲ್ಲ. ಕಿವಿಯ ಮೇಲೆ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡ ಆತ ಏನು ಕೇಳಿದರೂ ಆಕಾಶಕ್ಕೆ ಬೆರಳು ತೋರಿಸಿ, "ಮ್ಯಾಲೆ ಬಯಲಿರಬೇಕ್ರೀ" ಎನ್ನುತ್ತಿದ್ದ. ಸೇತುವೆ ಅಡ್ಡ ಬರುತ್ತದೆಂದು ನಾನು ಎಚ್ಚರಿಸಿದಾಗ, "ಅಳದೀನ್ರೀ, ಬರೋಬ್ಬರಿ ಐತಿ" ಎಂದ. ಅಳೆದದ್ದು ಕಾಲುವೆಯ ನೀರು ತೀರ ಇಳಿದಿದ್ದಾಗ ಎಂಬುದನ್ನು ಮಾತ್ರ ಹೇಳಲಿಲ್ಲ.

ಕಾಲುವೆ ತುಂಬಿದ ವಾರವೇ ದಢೇಸುಗೂರಿನ ಬಳಿ ಒಡ್ಡು ಜಿನುಗುತ್ತಿರುವ ಸುದ್ದಿ ಬಂತು. ವೈರ್‌ಲೆಸ್ ನೋಡಿಕೊಳ್ಳಲು ಆ ಮೆಕ್ಯಾನಿಕ್ಕನ್ನೂ ದೋಣಿಗೆ ಹತ್ತಿಸಿಕೊಂಡು ಹೊರಟೆ. ನಾವು ಹೋಗಿ ನೋಡಿ ವೈರ್‌ಲೆಸ್ಸಿನಲ್ಲಿ ತಿಳಿಸಿದರೆ ಮಾತ್ರ ಮೇಲಿನ ಗೇಟು ಮುಚ್ಚುತ್ತಿದ್ದರು. ತಡವಾದರೆ ನಾಟಿಯ ಗದ್ದೆಗಳು ಕೊಚ್ಚಿಹೋಗುತ್ತಿದ್ದವು. ದಾರಿಯಲ್ಲಿ ಏರಿಯಲ್ ಸೇತುವೆಗೆ ಬಡಿದು ದೋಣಿ ನಿಂತಿತು.

"ಏರಿಯಲ್ ಬಿಚ್ಚು ಮಾರಾಯಾ!" ಎಂದೆ.

"ಬೆಸುಗೆ ಹಾಕೀನ್ರೀ. ಮುರದ್ರ ಯಾರ ಕೂಡ ಮಾತಾಡ್ತೀರಿ?" ಎಂದವನೇ ಸೇತುವೆಯ ಮೇಲಿದ್ದ ರೈತರನ್ನು ಕೂಗಿದ: "ಏ, ದಪ್ಪಗಿದ್ದೋರು ಎಂಟು ಮಂದಿ ಬರ್ರಿ! ದೋಣಿ ತಗ್ಗಬೇಕು!"

"ಲೇ, ನಮ್ಮನ್ನೇನು ಜ್ವಾಳದ ಚೀಲ ಅಂತ ತಿಳದೀಯೇನು?" ಎಂದು ಬೈಯುತ್ತಲೇ ಅವರು ಹತ್ತಿದರು. ಭಾರಕ್ಕೆ ತಗ್ಗಿದ ದೋಣಿ ಸೇತುವೆ ದಾಟಿತು. ಒಡ್ಡು ಕುಸಿಯುವ ಮುನ್ನವೇ ಸುದ್ದಿ ಮುಟ್ಟಿ ಗೇಟು ಮುಚ್ಚಿತು.

ಗೇಟು ಮುಚ್ಚಿದ್ದರಿಂದ ಸಂಜೆ ನಾವು ಮರಳುವ ಹೊತ್ತಿಗೆ ನೀರು ಇಳಿದಿತ್ತು. ಏರಿಯಲ್ ಸೇತುವೆಯನ್ನು ಮುಟ್ಟದೆ ಸಲೀಸಾಗಿ ನುಸುಳಿತು. ಆತ ನನ್ನ ಕಡೆ ತಿರುಗಿ ಹೇಳಿದ:

"ನೋಡ್ರಿ, ನಾ ಅಳದದ್ದು ಬರೋಬ್ಬರಿ ಐತಿಲ್ಲೋ?"