ಬರ್ತೇನಿ ಅಂದರೆ ಹೊರಟೆ ಅಂತ

ಹೋದ ವಾರ ನಮ್ಮಣ್ಣ ಆಡಿದ ಒಂದೇ ಮಾತಿಗೆ ದಿಲ್ಲಿಯ ಸಾಹೇಬರೊಬ್ಬರು ಗಾಬರಿಯಾದರು.

ಅಣ್ಣನಿಗೆ ಡಂಬಳದಲ್ಲಿ ಹೊಲ. ಅವನ ಮಗಳು ನೀಲಾ ಚೀನೀ ಭಾಷೆ ಕಲಿಸುವ ಸರ್ಕಾರಿ ಕೋರ್ಸಿಗೆ ಆಯ್ಕೆಯಾಗಿದ್ದಾಳೆ. ಪಾಠ, ಊಟ, ವಸತಿ ಎಲ್ಲ ಸರ್ಕಾರದ್ದೇ. ಕಲಿತ ಮೇಲೆ ದೇಶದ ಭದ್ರತೆಯ ಕೆಲಸ. ಗಡಿಯಾಚೆಯ ಮಾತು ಕೇಳಿ, ಅದರ ಅರ್ಥ ಬರೆದುಕೊಡುವುದು.

ಮನೆಯವರ ವಿಚಾರಣೆಗೆಂದು ಆ ಸಾಹೇಬರು ಫೋನ್ ಮಾಡಿದ್ದರು. (ಪುಸ್ತಕದಿಂದ ಕಲಿತ ಕನ್ನಡ. ತಪ್ಪಿಲ್ಲ, ಆದರೆ ಈಗಷ್ಟೇ ಇಸ್ತ್ರಿ ಮಾಡಿದ ಅಂಗಿಯ ಹಾಗೆ.) ಎಲ್ಲ ಮುಗಿದ ಮೇಲೆ ಅಣ್ಣ ರೂಢಿಯಂತೆ, "ಆತ್ರಿ ಸಾಹೇಬ್ರ, ನಾ ಬರ್ತೇನ್ರಿ" ಅಂದ.

"ಎಲ್ಲಿಗೆ ಬರುತ್ತೀರಿ? ನಿಮ್ಮನ್ನು ಕರೆದವರು ಯಾರು?"

ಅಣ್ಣ ಹೆದರಿ ಫೋನ್ ಇಟ್ಟೇಬಿಟ್ಟ. ನೀಲಾ ಮತ್ತೆ ಫೋನ್ ಹಚ್ಚಿ ತಿಳಿಸಿ ಹೇಳಿದಳು, ಸಾಹೇಬರು ನಕ್ಕರಂತೆ. ಅಣ್ಣನ ಎದೆ ಮಾತ್ರ ತಣ್ಣಗಾಗಲಿಲ್ಲ. "ಲೇ ತಮ್ಮಾ, ಜಲ್ದಿ ಬಾ. ಈ ಕೋರ್ಸು ಬ್ಯಾಡಂತ ಅಕಿಗೆ ನೀನರ ಹೇಳು" ಎಂದು ನನಗೆ ಬುಲಾವ್ ಬಂತು. ಸೋಮವಾರದೊಳಗೆ ಒಪ್ಪಿಗೆ ತಿಳಿಸದಿದ್ದರೆ ಸೀಟು ಬೇರೆಯವರ ಪಾಲು. ಅಪ್ಪ ಹೂಂ ಅನ್ನದೆ ಅವಳು ಹೋಗುವವಳಲ್ಲ.

ಅವನು ಕರೆಯಬಾರದವನನ್ನು ಕರೆದಿದ್ದ. ಬೆಟಗೇರಿಯಲ್ಲಿ ಸೀರೆ ವ್ಯಾಪಾರಕ್ಕೆ ಇಳಿದಾಗ ನನ್ನ ಬಂಡವಾಳ ನಾಲಿಗೆ ಒಂದೇ. ಸೊಲ್ಲಾಪುರದವರ ಮರಾಠಿ, ಅದೋನಿಯವರ ತೆಲುಗು ಕಲಿತದ್ದು ಮಾತಾಡಲಿಕ್ಕಲ್ಲ. ಗಿರಾಕಿ ತನ್ನ ಹೆಂಡತಿಯ ಕಿವಿಯಲ್ಲಿ ಏನಂದ ಎಂದು ತಿಳಿಯಲಿಕ್ಕೆ. ಒಂದು ಅಂಗಡಿಗೇ ಇಂಥ ಕಿವಿ ಬೇಕಾದರೆ, ಒಂದು ದೇಶಕ್ಕೆ ಬೇಡವೇ?

ಸಂಜೆ ಮೂವರೂ ಕೆರೆಯ ಏರಿಯ ಮೇಲೆ ಕೂತೆವು. ನೀರು ಮೋಡದ ಬಣ್ಣಕ್ಕೆ ತಿರುಗಿತ್ತು. ಆಚೆ ದಂಡೆಯಲ್ಲಿ ಯಾರೋ ಯಾರನ್ನೋ ಕರೆಯುತ್ತಿದ್ದರು. ದನಿ ನೀರು ದಾಟಿ ಬರುವಷ್ಟರಲ್ಲಿ ಅಕ್ಷರಗಳೆಲ್ಲ ಉದುರಿ, ಬರೀ ರಾಗ ಉಳಿದಿತ್ತು. ಕೇಳುತ್ತ ಕೇಳುತ್ತ ನನಗೆ ಹಿಮದ ಬೆಟ್ಟ ಕಂಡಿತು. (ಹಿಮ ನೋಡಿದ್ದು ಟೀವಿಯಲ್ಲಿ ಮಾತ್ರ.) ಅದರ ಬುಡದಲ್ಲೊಂದು ಕೋಣೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ, ಗಾಳಿಯಲ್ಲಿ ತೇಲಿ ಬಂದ ದನಿಗಳನ್ನು ನಮ್ಮ ನೀಲಾ ಒಂದೊಂದಾಗಿ ಹಿಡಿಯುತ್ತಿದ್ದಳು.

"ನಾಳೆ ಹೆಣ್ಣು ನೋಡಾಕ ಬೀಗರು ಬಂದು, ಮಗಳು ಏನ್ ಮಾಡ್ತಾಳ ಅಂದ್ರ ಏನ್ ಹೇಳ್ಲಿ?" ಅಣ್ಣ ನನ್ನನ್ನು ಏರಿಗೆ ಮರಳಿ ತಂದ. "ಕೇಳ್ತಾಳ ಅನ್ಲ್ಯಾ?"

"ಕೇಳೂ ಸೊಸಿ ಯಾರಿಗೆ ಬ್ಯಾಡಣ್ಣಾ?"

ನೀಲಾ ನಕ್ಕಳು. ಅಣ್ಣ ನಗಲಿಲ್ಲ.

"ಹೋಗ್ತೇನಿ ಅನ್ನೂದು ನಮ್ಮಲ್ಲಿ ಅಪಶಕುನ, ಅದಕ್ಕ ನೀ ಬರ್ತೇನಿ ಅಂದಿ" ಅಂದೆ. "ಸಾಹೇಬ್ರಿಗೆ ಮಾತು ತಿಳೀತು, ಮನಸು ತಿಳೀಲಿಲ್ಲ. ಗಡಿ ಆಚಿ ಸಿಪಾಯಿ ಒಬ್ಬ ಮನಿಗೆ ಹೊಂಟಾಗ ಹಿಂಗ ಏನರ ಅಂದಾ ಅಂತ ತಿಳಿ. ನಮ್ಮ ಕಡೆ ಕೇಳಾಂವ, ಅವರು ಬರಾಕತ್ತಾರ ಅಂತ ಬರದ್ರ?"

ಅಣ್ಣ ಆಚೆ ದಂಡೆಯತ್ತ ತಿರುಗಿದ. "ಬಂದೂಕ ತಿರಗ್ತಾವ" ಅಂದ.

ಇದನ್ನೇ ನಿಮಗೂ ಹೇಳುವುದು. ಸರ್ಕಾರ ತೋಪು ಕೊಂಡರೆ ಚಪ್ಪಾಳೆ ತಟ್ಟುತ್ತೇವೆ, ಭಾಷೆ ಕಲಿಸಿದರೆ ದಂಡದ ಖರ್ಚು ಅನ್ನುತ್ತೇವೆ. ತೋಪು ಸುಮ್ಮಸುಮ್ಮನೆ ಹಾರದಂತೆ ತಡೆಯುವ ಕಿವಿಗಿಂತ ಅಗ್ಗದ ಸರಕು ಯಾವ ಪೇಟೆಯಲ್ಲಿದೆ? ನಿಮ್ಮ ಮಕ್ಕಳಿಗೆ ಇಂಥ ಸೀಟು ಸಿಕ್ಕರೆ ಬಿಡಬೇಡಿ.

"ನೀ ಹೇಳೂದು ಖರೆ ಐತಿ" ಅಣ್ಣ ಮೆಲ್ಲಗೆ ಅಂದ. "ಆದ್ರ ಇಕಿ ದಿನಾ ಅವರ ಮಾತು ಕೇಳ್ತಾಳ. ಮನ್ಯಾಗ ಬಾಯಿ ಬಿಡಂಗಿಲ್ಲಂತ. ನಮಗೇನ್ ಉಳೀತು?"

ಓ, ಬೀಗರು ಬರೀ ನೆಪ. ಇದಕ್ಕೆ ಯಾವ ಚೌಕಾಸಿ ಮಾಡಲಿ?

"ಕೆಲಸದ ಸುದ್ದಿ ಅಷ್ಟ ಹೇಳಂಗಿಲ್ಲಪ್ಪಾ" ಅಂದಳು ನೀಲಾ. "ಉಳದದ್ದು ಏನ್ ಬೇಕಾದ್ದು ಕೇಳು."

ಅಣ್ಣ ಯೋಚಿಸಿದ. "ದಿನಾ ಸಂಜೀಕ ಫೋನ್ ಹಚ್ಚು. ಏನ್ ಉಂಡಿ ಅಂತ ಹೇಳು. ಅಷ್ಟ ಸಾಕು."

"ಆತಪ್ಪಾ."

ಮಾತು ಮುಗಿಯಿತು. ನನ್ನ ಇಡೀ ವ್ಯಾಪಾರದಲ್ಲಿ ಇಷ್ಟು ದೊಡ್ಡ ಸೌದಾ ಇಷ್ಟು ಕಡಿಮೆಗೆ ಕುದುರಿದ್ದನ್ನು ಕಂಡಿಲ್ಲ.

ಮರಳುವಾಗ ಬಸ್ಸಿನ ಕಿಟಕಿಗೆ ತಲೆಯಾನಿಸಿ ಕೂತಿದ್ದೆ. ಹಿಮದ ಆಚೆಗೂ ಒಬ್ಬ ಅಪ್ಪ ಇದ್ದಾನು. ಅವನೂ ಸಂಜೆಯಾದರೆ ಗಡಿಯಲ್ಲಿರುವ ಮಗನಿಗೆ ಫೋನ್ ಹಚ್ಚಿ, ಏನು ಉಂಡೆ ಎಂದು ಕೇಳಿಯಾನು.

ಅದನ್ನು ಕೇಳಿಸಿಕೊಂಡ ನಮ್ಮ ನೀಲಾ, ಅರ್ಥ ಏನೆಂದು ಬರೆದಾಳು?